ಹಳೇ ಕಾರು ಎಲ್ಲಿ ಮಾರೋದು? ರೇಟ್ ಕೇಳೋಕೆ ಮುಂಚೆ ‘ಆರ್‌ಸಿಯಿಂದ ನನ್ನ ಹೆಸರು ಯಾವಾಗ ಹೋಗುತ್ತೆ’ ಅಂತ ಕೇಳಿ

ಬೆಂಗಳೂರು: ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಯಾವ ಕ್ರಾಸ್‌ಗೆ ಹೋದರೂ ಮನೆ ಮುಂದೆ ಕವರ್ ಹೊದ್ದುಕೊಂಡು ನಿಂತ ಒಂದು ಹಳೇ ಕಾರು ಸಿಕ್ಕೇ ಸಿಗುತ್ತೆ. ಮಗ ಹೊಸ ಗಾಡಿ ತಗೊಂಡಿರ್ತಾನೆ, ಅಪ್ಪ ಮೆಟ್ರೋದಲ್ಲಿ ಓಡಾಡ್ತಾರೆ, ಹಳೇದು ವಾರಕ್ಕೊಮ್ಮೆ ಸ್ಟಾರ್ಟ್ ಆದರೆ ಹೆಚ್ಚು. ಕೆಂಗೇರಿ ಕಡೆ 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗ ಬಂದ ಮೇಲೆ, 2023ರ ಅಕ್ಟೋಬರ್‌ನಲ್ಲಿ ಅದು ಚಲ್ಲಘಟ್ಟದವರೆಗೂ ಹೋದ ಮೇಲೆ ಅಲ್ಲೂ ಎಷ್ಟೋ ಮನೆಗಳಲ್ಲಿ ಎರಡನೇ ಕಾರಿನ ಅಗತ್ಯ ಕಡಿಮೆಯಾಗಿದೆ.

ಮಾರಿಬಿಡೋಣ ಅಂತ ಮನೆಯಲ್ಲಿ ಮಾತು ಬಂದ ತಕ್ಷಣ ಏಳೋ ಪ್ರಶ್ನೆ ಒಂದೇ: ಎಲ್ಲಿ ಕೊಟ್ಟರೆ ಜಾಸ್ತಿ ದುಡ್ಡು ಬರುತ್ತೆ? ಪ್ರಶ್ನೆ ಸರಿಯಾಗೇ ಇದೆ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ್ದು ಇನ್ನೊಂದಿದೆ. ಕಾರು ತಗೊಂಡು ಹೋಗೋರು ಆರ್‌ಸಿಯಿಂದ ನಿಮ್ಮ ಹೆಸರನ್ನ ತೆಗೆಸ್ತಾರಾ, ಯಾವಾಗ ತೆಗೆಸ್ತಾರೆ, ಅದಕ್ಕೆ ನಿಮ್ಮ ಕೈಯಲ್ಲಿ ಏನು ದಾಖಲೆ ಉಳಿಯುತ್ತೆ? ಎಲ್ಲಿ ಮಾರಬೇಕು ಅನ್ನೋದನ್ನ ಇದರ ಮೇಲೆ ತೀರ್ಮಾನ ಮಾಡಿದರೆ ಮುಂದೆ ತಲೆನೋವು ಇರಲ್ಲ.

ದುಡ್ಡು ಕೈಗೆ ಬಂದರೂ ಕಾರು ನಿಮ್ಮದೇ

ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ‘ಮಾಲೀಕ’ ಅಂದರೆ ಯಾರ ಹೆಸರಲ್ಲಿ ಗಾಡಿ ನೋಂದಣಿ ಆಗಿದೆಯೋ ಅವರು. ಕೀ ಯಾರ ಹತ್ತಿರ ಇದೆ, ದುಡ್ಡು ಯಾರು ಕೊಟ್ಟರು ಅನ್ನೋದು ಆಮೇಲಿನ ಮಾತು. ಛಾಪಾ ಕಾಗದದ ಮೇಲೆ ಅಗ್ರಿಮೆಂಟ್ ಮಾಡ್ಕೊಂಡರೂ ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗೋದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠದ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಒಬ್ಬರು 2007ರಲ್ಲೇ ಕಾರು ಮಾರಿದ್ದರು. ಅದು ಅಲ್ಲಿಂದ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗ್ತಾ ಹೋಯ್ತು, ಆದರೆ ಆರ್‌ಸಿಯಲ್ಲಿ ಮೊದಲಿನವರ ಹೆಸರೇ ಉಳಿದಿತ್ತು. 2009ರಲ್ಲಿ ಅಪಘಾತ ಆಯ್ತು. ಪರಿಹಾರ ಕೊಡಬೇಕಾದವರು ಯಾರು ಅಂದಾಗ, ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಅಂತ ಕೋರ್ಟ್ ಹೇಳಿತು. ಕಾರು ಎಷ್ಟು ಕೈ ದಾಟಿದೆ ಅಂತ ಅಪಘಾತದ ಸಂತ್ರಸ್ತರು ಹುಡುಕಿಕೊಂಡು ಹೋಗೋಕೆ ಆಗಲ್ಲ ಅನ್ನೋದು ಅದರ ತರ್ಕ.

ಆ ಹೊತ್ತಿಗೆ ಇನ್ಶೂರೆನ್ಸ್ ಮುಗಿದುಹೋಗಿದ್ದರೆ ಪರಿಹಾರದ ಹಣ ನೇರವಾಗಿ ನೋಂದಾಯಿತ ಮಾಲೀಕರ ತಲೆ ಮೇಲೆ ಬರುತ್ತೆ. ಹಳೇ ಕಾರು ತಗೊಂಡವರು ಇನ್ಶೂರೆನ್ಸ್ ಕಟ್ಟದೆ ಓಡಿಸೋದು ಹೊಸದೇನಲ್ಲ.

ಅಪರಾಧದ ವಿಷಯದಲ್ಲೂ ಹಾಗೇ. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆ ಬಳಿ ಸ್ಫೋಟಗೊಂಡ ಕಾರು ಹರಿಯಾಣ ನೋಂದಣಿಯದ್ದು, ಹಲವು ಕೈ ದಾಟಿ ಬಂದದ್ದು. ಪೊಲೀಸರು ಆರ್‌ಸಿ ಹಿಡ್ಕೊಂಡು ಹಿಂದಿನ ಮಾಲೀಕರಿಂದಲೇ ವಿಚಾರಣೆ ಶುರು ಮಾಡಿದರು. ಅಷ್ಟು ದೊಡ್ಡ ಘಟನೆ ಬೇಡ, ಸಿಗ್ನಲ್ ಜಂಪ್ ಮಾಡಿದ ದಂಡ, ಮೈಸೂರು ಎಕ್ಸ್‌ಪ್ರೆಸ್‌ವೇ ಕ್ಯಾಮೆರಾದಲ್ಲಿ ಬಿದ್ದ ಸ್ಪೀಡಿಂಗ್ ಕೇಸು ಕೂಡ ಆರ್‌ಸಿಯಲ್ಲಿರೋ ಹೆಸರು, ವಿಳಾಸ, ಮೊಬೈಲ್ ನಂಬರ್‌ಗೇ ಬರುತ್ತೆ.

ಈಗ ಈ ಅಳತೆಗೋಲು ಇಟ್ಟುಕೊಂಡು, ನಮ್ಮ ಕಡೆ ಕಾರು ಮಾರೋಕೆ ಇರೋ ಆರು ದಾರಿಗಳನ್ನ ಒಂದೊಂದಾಗಿ ನೋಡೋಣ.

1. ಗೊತ್ತಿರೋರಿಗೆ, ಪಕ್ಕದ ಮನೆಯವರಿಗೆ, ಗ್ಯಾರೇಜ್ ಮೂಲಕ

ಕಾರಿನ ಕಥೆ ಪೂರ್ತಿ ಗೊತ್ತಿರೋದು ನಿಮ್ಮ ಮೆಕ್ಯಾನಿಕ್‌ಗೆ. ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ನಾಯಂಡಹಳ್ಳಿ ಕಡೆ ಗ್ಯಾರೇಜ್‌ಗಳಿಗೆ ‘ಒಳ್ಳೇ ಗಾಡಿ ಇದ್ರೆ ಹೇಳಣ್ಣ’ ಅಂತ ಕೇಳಿಕೊಂಡು ಬರೋರು ಇದ್ದೇ ಇರ್ತಾರೆ. ಮೆಕ್ಯಾನಿಕ್‌ಗೆ ಒಂದಿಷ್ಟು ಕಮಿಷನ್ ಕೊಟ್ಟರೂ ಬೆಲೆ ಸಾಮಾನ್ಯವಾಗಿ ಚೆನ್ನಾಗೇ ಸಿಗುತ್ತೆ, ಯಾಕಂದ್ರೆ ಕೊಳ್ಳುವವರಿಗೆ ಗಾಡಿ ಮೇಲೆ ನಂಬಿಕೆ ಇರುತ್ತೆ.

ತೊಂದರೆ ಏನಂದ್ರೆ ಸಂಕೋಚ. ‘ನಮ್ಮ ಭಾವನ ಸ್ನೇಹಿತ, ಹೆಸರು ಬದಲಾಯಿಸ್ಕೋತಾನೆ ಬಿಡಿ’ ಅಂತ ಬಿಟ್ಟುಬಿಡ್ತೀವಿ. ಆರು ತಿಂಗಳಾದರೂ ಆರ್‌ಸಿ ಹಾಗೇ ಇರುತ್ತೆ, ಕೇಳೋಕೆ ಮುಜುಗರ. ಗೊತ್ತಿರೋರಿಗೆ ಮಾರುವಾಗ ಮೊದಲ ದಿನವೇ ‘ಪೇಪರ್ ಕೆಲಸ ನಾನೇ ಮುಂದೆ ನಿಂತು ಮಾಡಿಸ್ತೀನಿ’ ಅಂತ ಹೇಳಿಬಿಡಿ. ಸಂಬಂಧ ಉಳಿಯೋದೂ ಹಾಗೇ.

2. ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿ ನೀವೇ ಮಾರೋದು

ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಕಾರ್‌ದೇಖೋ, ಅಪಾರ್ಟ್‌ಮೆಂಟ್ ಮತ್ತು ಬಡಾವಣೆ ವಾಟ್ಸಾಪ್ ಗ್ರೂಪ್. ಮಧ್ಯೆ ಯಾರೂ ಇರಲ್ಲ, ಹಾಗಾಗಿ ಕೈಗೆ ಬರೋ ದುಡ್ಡು ಇಲ್ಲೇ ಜಾಸ್ತಿ. ಆದರೆ ಫೋನ್ ಎತ್ತೋದು, ಕಾರು ತೋರಿಸೋದು, ಚೌಕಾಸಿ ಮಾಡೋದು ಎಲ್ಲ ನಿಮ್ಮ ಕೆಲಸ. ಜಾಹೀರಾತು ಹಾಕಿದ ಮೊದಲ ಗಂಟೆಯಲ್ಲಿ ಬರೋ ಕರೆಗಳಲ್ಲಿ ಬ್ರೋಕರ್‌ಗಳೇ ಹೆಚ್ಚು ಇರ್ತಾರೆ. ‘ಓಡಿಸೋಕೆ ತಗೋತಿದ್ದೀರಾ, ಮಾರೋಕಾ?’ ಅಂತ ನೇರವಾಗಿ ಕೇಳಿ.

ಇಲ್ಲಿ ಎರಡು ಎಚ್ಚರಿಕೆ. ಮೊದಲನೇದು ಕ್ಯೂಆರ್ ಕೋಡ್ ಮೋಸ. ‘ನಾನು ಮಿಲಿಟರಿಯಲ್ಲಿದ್ದೀನಿ, ಅಡ್ವಾನ್ಸ್ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ’ ಅಂತ ಫೋನ್ ಬಂದರೆ ಕಟ್ ಮಾಡಿ. ಯುಪಿಐನಲ್ಲಿ ದುಡ್ಡು ತಗೊಳ್ಳೋಕೆ ಪಿನ್ ಹಾಕೋ ಅಗತ್ಯವೇ ಇಲ್ಲ. ಪಿನ್ ಹಾಕಿದರೆ ನಿಮ್ಮ ದುಡ್ಡು ಹೋಯ್ತು ಅಂತಲೇ ಅರ್ಥ. ಅಂಗಡಿಯವರಿಗೆ ಇದು ಗೊತ್ತಿರುತ್ತೆ, ಮನೆಯಲ್ಲಿರೋ ಹಿರಿಯರಿಗೂ ಹೇಳಿಡಿ. ಮೋಸ ಆದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು.

ಎರಡನೇದು ಟೆಸ್ಟ್ ಡ್ರೈವ್. ಡಿಎಲ್ ನೋಡದೆ ಕೀ ಕೊಡಬೇಡಿ, ಡಿಎಲ್ ಫೋಟೋ ತೆಗೆದಿಟ್ಟುಕೊಳ್ಳಿ. ನೀವೂ ಕಾರಿನಲ್ಲಿ ಕೂತೇ ಹೋಗಿ. ಕಾರು ತೋರಿಸೋದು ಹಗಲಲ್ಲಿ, ಜನ ಓಡಾಡೋ ಜಾಗದಲ್ಲಿ ಇರಲಿ.

3. ಏರಿಯಾದ ಸೆಕೆಂಡ್ ಹ್ಯಾಂಡ್ ಡೀಲರ್, ಆಟೋ ಕನ್ಸಲ್ಟೆಂಟ್

ಇವರಲ್ಲಿ ಎರಡು ಥರದ ವ್ಯವಹಾರ. ಒಂದು, ದುಡ್ಡು ಕೊಟ್ಟು ಕಾರು ತಗೊಂಡುಬಿಡೋದು. ಇನ್ನೊಂದು ‘ಪಾರ್ಕ್ ಅಂಡ್ ಸೇಲ್’, ಅಂದರೆ ಕಾರು ಅವರ ಯಾರ್ಡ್‌ನಲ್ಲಿ ನಿಲ್ಲಿಸಿ, ಮಾರಾಟ ಆದ ಮೇಲೆ ಕಮಿಷನ್ ಹಿಡ್ಕೊಂಡು ಉಳಿದದ್ದು ಕೊಡೋದು. ಕೆಲಸ ಬೇಗ ಆಗುತ್ತೆ, ದುಡ್ಡು ಸ್ವಲ್ಪ ಕಡಿಮೆ.

ಹೆಸರು ಉಳಿಯೋ ಸಮಸ್ಯೆ ಹೆಚ್ಚಾಗಿ ಹುಟ್ಟೋದು ಇಲ್ಲೇ. ಅದಕ್ಕೆ ಕಾರಣ ಇದೆ. ಡೀಲರ್ ತನ್ನ ಹೆಸರಿಗೆ ಒಮ್ಮೆ ಆರ್‌ಸಿ ಮಾಡಿಸಿಕೊಂಡರೆ ‘ಫಸ್ಟ್ ಓನರ್’ ಗಾಡಿ ‘ಸೆಕೆಂಡ್ ಓನರ್’ ಆಗುತ್ತೆ, ಮುಂದಿನ ಗಿರಾಕಿ ರೇಟ್ ಕಮ್ಮಿ ಮಾಡ್ತಾನೆ. ಶುಲ್ಕ, ಓಡಾಟ ಬೇರೆ. ಅದಕ್ಕೇ ನಿಮ್ಮಿಂದ ಸಹಿ ಮಾಡಿದ ಖಾಲಿ ಫಾರ್ಮ್‌ಗಳನ್ನ ತಗೊಂಡು ಇಟ್ಟುಕೊಳ್ಳೋದು ರೂಢಿ. ಇದನ್ನೇ ಟಿಒ ಸೆಟ್ ಅಂತಾರೆ. ನಿಜವಾದ ಗಿರಾಕಿ ಸಿಕ್ಕಾಗ ಅವರ ಹೆಸರು ತುಂಬ್ತಾರೆ. ಗಿರಾಕಿ ಸಿಗೋಕೆ ಒಂದು ತಿಂಗಳಾಗಬಹುದು, ಆರು ತಿಂಗಳಾಗಬಹುದು. ಮಧ್ಯೆ ಇನ್ನೊಬ್ಬ ಬ್ರೋಕರ್‌ಗೂ ಹೋಗಬಹುದು. ಅಷ್ಟೂ ದಿನ ಕಾರು ನಿಮ್ಮ ಹೆಸರಲ್ಲೇ ರಸ್ತೆ ಮೇಲಿರುತ್ತೆ.

ಇದಕ್ಕೆ ಕೇಂದ್ರ ಸರ್ಕಾರ ಒಂದು ದಾರಿ ಮಾಡಿದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಜಾರಿ ಮಾಡಿತು. ಅದರಂತೆ ಹಳೇ ವಾಹನ ಡೀಲರ್‌ಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆಯಬೇಕು. ನೀವು ಕಾರನ್ನ ಅಂಥ ಡೀಲರ್‌ಗೆ ಒಪ್ಪಿಸಿದಾಗ ಫಾರ್ಮ್ 29ಸಿ ಮೂಲಕ ಆರ್‌ಟಿಒಗೆ ತಿಳಿಸಬೇಕು. ಅಲ್ಲಿಂದ ಮುಂದೆ ಗಾಡಿಯ ಜವಾಬ್ದಾರಿ ಡೀಲರ್‌ದು. ಹಾಗಾಗಿ ಡೀಲರ್ ಹತ್ತಿರ ಹೋದಾಗ ಮೊದಲ ಮಾತು ಇದೇ ಆಗಿರಲಿ: ‘ಅಧಿಕೃತ ಪತ್ರ ಇದೆಯಾ? 29ಸಿ ಹಾಕ್ತೀರಾ?’ ‘ಹಾಗೆಲ್ಲ ಯಾರೂ ಮಾಡಲ್ಲ ಸರ್’ ಅನ್ನೋ ಉತ್ತರ ಬಂದರೆ, ಹತ್ತು ಸಾವಿರ ಜಾಸ್ತಿ ಕೊಡ್ತೀನಿ ಅಂದರೂ ಯೋಚನೆ ಮಾಡಿ.

ಪಾರ್ಕ್ ಅಂಡ್ ಸೇಲ್‌ನಲ್ಲಿ ಇನ್ನೊಂದು ಮಾತು. ಕನಿಷ್ಠ ಎಷ್ಟಕ್ಕೆ ಮಾರಬೇಕು, ಕಮಿಷನ್ ಎಷ್ಟು, ಎಷ್ಟು ದಿನ ಇಟ್ಟುಕೊಳ್ತಾರೆ, ಮೀಟರ್ ಎಷ್ಟು ಕಿಲೋಮೀಟರ್ ತೋರಿಸ್ತಿದೆ ಅನ್ನೋದು ಬರಹದಲ್ಲಿರಲಿ. ಯಾರ್ಡ್‌ನಲ್ಲಿದ್ದ ಕಾರು ಯಾರದೋ ಮದುವೆಗೆ ಹೋಗಿ ಬರಬಾರದು ನೋಡಿ.

4. ಮನೆಗೇ ಬಂದು ತಗೊಳ್ಳೋ ಕಂಪನಿಗಳು

ಕಾರ್ಸ್24, ಸ್ಪಿನ್ನಿ ಥರದ ಕಂಪನಿಗಳು ಈಗ ಎಲ್ಲರಿಗೂ ಗೊತ್ತು. ಆ್ಯಪ್‌ನಲ್ಲಿ ವಿವರ ಹಾಕಿದರೆ ಮನೆಗೆ ಬಂದು ಕಾರು ಪರೀಕ್ಷೆ ಮಾಡ್ತಾರೆ, ಆಫರ್ ಕೊಡ್ತಾರೆ, ಒಪ್ಪಿದರೆ ಬ್ಯಾಂಕ್ ಖಾತೆಗೆ ಹಣ ಹಾಕಿ ಗಾಡಿ ತಗೊಂಡು ಹೋಗ್ತಾರೆ. ಮುಂದೆ ಮಾರುವಾಗ ಅವರ ಖರ್ಚು, ಲಾಭ ಬರಬೇಕಲ್ಲ, ಹಾಗಾಗಿ ನೇರ ಗಿರಾಕಿ ಕೊಡೋದಕ್ಕಿಂತ ಆಫರ್ ಕಡಿಮೆ ಇರೋದು ಸಹಜ. ಮೊದಲು ಆ್ಯಪ್ ತೋರಿಸೋ ಅಂದಾಜು ಬೆಲೆಯೇ ಬೇರೆ, ಪರೀಕ್ಷೆ ಆದ ಮೇಲೆ ಹೇಳೋ ಬೆಲೆಯೇ ಬೇರೆ ಆಗಬಹುದು.

ಆರ್‌ಸಿ ಬದಲಾವಣೆ ಕಂಪನಿಯೇ ಮಾಡಿಸಿಕೊಡುತ್ತೆ ಅನ್ನೋದು ಇವರ ದೊಡ್ಡ ಅನುಕೂಲ. ಹಾಗಂತ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಅಗ್ರಿಮೆಂಟ್‌ನಲ್ಲಿ ಮೂರು ವಿಷಯ ಹುಡುಕಿ: ಎಷ್ಟು ದಿನದಲ್ಲಿ ಹೆಸರು ಬದಲಾಗುತ್ತೆ, ಅಲ್ಲಿಯವರೆಗೆ ಅಪಘಾತ, ದಂಡ ಬಂದರೆ ಯಾರು ಹೊಣೆ, ಪೂರ್ತಿ ಹಣ ಒಂದೇ ಸಲ ಕೊಡ್ತಾರಾ ಅಥವಾ ಆರ್‌ಸಿ ಕೆಲಸ ಮುಗಿಯೋವರೆಗೆ ಸ್ವಲ್ಪ ತಡೆಹಿಡೀತಾರಾ. ಇವರೂ ಕಾನೂನಿನ ಲೆಕ್ಕದಲ್ಲಿ ಡೀಲರ್‌ಗಳೇ. 29ಸಿ ಪ್ರಶ್ನೆ ಇವರಿಗೂ ಕೇಳಿ.

5. ಹೊಸ ಕಾರಿನ ಜೊತೆ ಎಕ್ಸ್‌ಚೇಂಜ್

ಮಾರುತಿಯ ಟ್ರೂ ವ್ಯಾಲ್ಯೂ, ಟೊಯೊಟಾದ ಯು ಟ್ರಸ್ಟ್ ಹೀಗೆ ಕಂಪನಿಗಳದ್ದೇ ಹಳೇ ಕಾರಿನ ವಿಭಾಗಗಳಿವೆ. ಹೇಗೂ ಹೊಸ ಕಾರು ತಗೋತಿದ್ದರೆ ಇದು ಸುಲಭ. ಪೇಪರ್ ಕೆಲಸಕ್ಕೆ ಒಂದು ವಿಳಾಸ ಇರುತ್ತೆ, ನಾಳೆ ಹೋಗಿ ಕೇಳಬಹುದು.

ಬೆಲೆಯಲ್ಲಿ ಮಾತ್ರ ಎರಡು ಲೆಕ್ಕ ಬೇರೆ ಬೇರೆ ಮಾಡಿಸಿ. ‘ನಿಮ್ಮ ಹಳೇ ಕಾರಿಗೆ ಇಷ್ಟು’ ಅಂತ ದೊಡ್ಡ ಮೊತ್ತ ಹೇಳಿ, ಹೊಸ ಕಾರಿನ ಡಿಸ್ಕೌಂಟ್‌ನಲ್ಲಿ ಅಷ್ಟನ್ನೇ ಕಡಿಮೆ ಮಾಡೋದುಂಟು. ಎಕ್ಸ್‌ಚೇಂಜ್ ಇಲ್ಲದೆ ಹೊಸ ಕಾರಿಗೆ ಎಷ್ಟು, ಎಕ್ಸ್‌ಚೇಂಜ್ ಸೇರಿಸಿದರೆ ಎಷ್ಟು ಅಂತ ಎರಡು ಕೊಟೇಶನ್ ಕೇಳಿದರೆ ನಿಜ ಗೊತ್ತಾಗುತ್ತೆ.

6. ಓಡೋ ಸ್ಥಿತಿಯಲ್ಲೇ ಇಲ್ಲದಿದ್ದರೆ

ಎಂಜಿನ್ ಹೋಗಿದೆ, ತಳ ತುಕ್ಕು ಹಿಡಿದಿದೆ ಅಂದಾಗ ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಡೋದು ಸುಲಭ ಅನ್ಸುತ್ತೆ. ಆದರೆ ಗುಜರಿಗೆ ಹೋದ ಮಾತ್ರಕ್ಕೆ ಆರ್‌ಸಿ ರದ್ದಾಗಲ್ಲ. ನಿಮ್ಮ ನಂಬರ್ ಪ್ಲೇಟ್, ಚಾಸಿಸ್ ನಂಬರ್ ಬೇರೆ ಗಾಡಿ ಮೇಲೆ ಕೂತರೆ ಗತಿ ಏನು? 2021ರಲ್ಲಿ ಬಂದ ನಿಯಮದ ಪ್ರಕಾರ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ ‘ಸರ್ಟಿಫಿಕೇಟ್ ಆಫ್ ಡೆಪಾಸಿಟ್’ ಸಿಗುತ್ತೆ, ನೋಂದಣಿಯೂ ಅಧಿಕೃತವಾಗಿ ರದ್ದಾಗುತ್ತೆ. ಆ ಸರ್ಟಿಫಿಕೇಟ್ ಇದ್ದರೆ ಹೊಸ ವಾಹನ ತಗೊಳ್ಳುವಾಗ ನೋಂದಣಿ ಶುಲ್ಕದಲ್ಲಿ ವಿನಾಯಿತಿ ಇದೆ.

ಹಾಗಾದರೆ ಬೆಲೆ ಹೇಗೆ ತಿಳ್ಕೊಳ್ಳೋದು?

ಜಾಹೀರಾತಿನಲ್ಲಿ ಕಾಣೋದು ಕೇಳೋ ಬೆಲೆ, ಮಾರಾಟ ಆದ ಬೆಲೆ ಅಲ್ಲ. ನಿಮ್ಮದೇ ಮಾಡೆಲ್, ಅದೇ ವರ್ಷ, ಅದೇ ಇಂಧನ, ಕರ್ನಾಟಕದ ನಂಬರ್ ಇರೋ ನಾಲ್ಕೈದು ಜಾಹೀರಾತು ನೋಡಿ. ಆಮೇಲೆ ಮನೆಗೆ ಬಂದು ನೋಡೋ ಕಂಪನಿಯೊಂದರಿಂದ ಆಫರ್ ತಗೊಳ್ಳಿ. ಅದು ನಿಮ್ಮ ಕನಿಷ್ಠ ಬೆಲೆ. ನೇರ ಗಿರಾಕಿಗೆ ಹೇಳಬೇಕಾದ ಬೆಲೆ ಈ ಎರಡರ ಮಧ್ಯೆ ಇರುತ್ತೆ.

ಲೆಕ್ಕಕ್ಕೆ ಮಾತ್ರ ಒಂದು ಉದಾಹರಣೆ: ಜಾಹೀರಾತುಗಳಲ್ಲಿ 2,40,000 ಕೇಳ್ತಿದ್ದಾರೆ, ಕಂಪನಿ ಆಫರ್ 1,95,000 ಅಂದುಕೊಳ್ಳಿ. ನೇರ ಗಿರಾಕಿ 2,20,000ಕ್ಕೆ ಒಪ್ಪಿದರೆ ನಿಮಗೆ 25,000 ಜಾಸ್ತಿ. ಅದರಲ್ಲಿ ಒಂದೆರಡು ವಾರದ ಓಡಾಟ, ಫೋನು, ಆರ್‌ಟಿಒ ಕೆಲಸ ಎಲ್ಲ ನಿಮ್ಮ ಕಡೆಯದು. ಅಂಗಡಿ ಬಿಟ್ಟು ಬರೋಕಾಗದವರಿಗೆ ಕಂಪನಿ ಅಥವಾ ಅಧಿಕೃತ ಡೀಲರ್ ಸರಿ. ಸಮಯ ಇದ್ದರೆ ನೇರ ಮಾರಾಟವೇ ಲಾಭ.

ಕಾಲವೂ ಬೆಲೆ ಬದಲಾಯಿಸುತ್ತೆ. ಆಷಾಢದಲ್ಲಿ ಗಾಡಿ ತಗೊಳ್ಳೋಕೆ ಹಿಂದೇಟು ಹಾಕೋರು ನಮ್ಮಲ್ಲಿ ಇನ್ನೂ ಬಹಳ ಜನ. ಯುಗಾದಿ, ಆಯುಧ ಪೂಜೆ ಹತ್ತಿರ ವಿಚಾರಿಸೋರು ಹೆಚ್ಚು. ಇನ್ನೊಂದು ವಿಷಯ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದು ಹೊಸ ಕಾರಿನ ಬೆಲೆಯೇ ಕಡಿಮೆಯಾಯಿತು. ಅದಕ್ಕೂ ಮುಂಚೆ ಪಕ್ಕದ ಮನೆಯವರಿಗೆ ಸಿಕ್ಕ ರೇಟ್ ಹಿಡ್ಕೊಂಡು ಕೂರಬೇಡಿ.

15 ವರ್ಷ ಹತ್ತಿರ ಬಂದಿದ್ದರೆ

ದೆಹಲಿಯ ಸುದ್ದಿ ಕೇಳಿ ‘15 ವರ್ಷ ಆದರೆ ಕಾರು ಗುಜರಿಗೇ’ ಅಂತ ಎಷ್ಟೋ ಜನ ತಿಳ್ಕೊಂಡಿದ್ದಾರೆ. ಆ ನಿರ್ಬಂಧ ದೆಹಲಿ ಸುತ್ತಮುತ್ತಲ ಪ್ರದೇಶದ್ದು. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಗಾಡಿ ತೋರಿಸಿ ಎಫ್‌ಸಿ ಮಾಡಿಸಿದರೆ 5 ವರ್ಷಕ್ಕೆ ನವೀಕರಣ ಆಗುತ್ತೆ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ. 2025ರ ಆಗಸ್ಟ್‌ನ ಅಧಿಸೂಚನೆಯಂತೆ 20 ವರ್ಷ ದಾಟಿದ ಕಾರಿಗೆ 10,000. ಹಸಿರು ತೆರಿಗೆ, ಗಾಡಿ ರಿಪೇರಿ, ಪೇಂಟು ಬೇರೆ.

ಅಂದರೆ 2011ರಲ್ಲಿ ನೋಂದಣಿಯಾದ ಕಾರಿಗೆ 2026ರಲ್ಲಿ 15 ತುಂಬುತ್ತೆ. ಅವಧಿ ಮುಗಿಯೋಕೆ ಕೆಲವೇ ತಿಂಗಳಿದ್ದರೆ ಗಿರಾಕಿ ಈ ಖರ್ಚನ್ನೆಲ್ಲ ಬೆಲೆಯಲ್ಲಿ ಹಿಡೀತಾನೆ, ಜೊತೆಗೆ ಎಫ್‌ಸಿ ಆಗುತ್ತೋ ಇಲ್ವೋ ಅನ್ನೋ ಭಯಕ್ಕೂ ಇನ್ನೊಂದಿಷ್ಟು ಕಡಿಮೆ ಮಾಡ್ತಾನೆ. ಗಾಡಿ ಗಟ್ಟಿಯಾಗಿದ್ದರೆ ನೀವೇ ಎಫ್‌ಸಿ ಮಾಡಿಸಿ ಮಾರೋದು ಒಳ್ಳೇದು. ಇಲ್ಲದಿದ್ದರೆ ಒಂದು ವರ್ಷ ಮುಂಚೆಯೇ ಮಾರಿ.

ಜಾಹೀರಾತು ಹಾಕೋಕೆ ಮುಂಚೆ ಮನೆಯಲ್ಲೇ ನೋಡಬೇಕಾದ್ದು

ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಗಾಡಿ ನಂಬರ್ ಹಾಕಿ. ಇವು ಸರಿ ಇವೆಯಾ ನೋಡಿ:

• ಸಾಲ: ಕಂತು ಎಂದೋ ಮುಗಿದಿರುತ್ತೆ, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಎಚ್‌ಪಿ ಹಾಗೇ ಇರುತ್ತೆ. ಬ್ಯಾಂಕಿನಿಂದ ಎನ್‌ಒಸಿ, ಫಾರ್ಮ್ 35 ತಗೊಂಡು ಮೊದಲು ಅದನ್ನ ತೆಗೆಸಿ.

• ಮಾಲೀಕರು: ತಂದೆ ತೀರಿಕೊಂಡಿದ್ದು ಕಾರು ಅವರ ಹೆಸರಲ್ಲೇ ಇದ್ದರೆ ಮಗ ನೇರವಾಗಿ ಮಾರೋಕಾಗಲ್ಲ. ಫಾರ್ಮ್ 31 ಮೂಲಕ ಮೊದಲು ವಾರಸುದಾರರ ಹೆಸರಿಗೆ ಆಗಬೇಕು.

• ಮೊಬೈಲ್ ನಂಬರ್: ಓಟಿಪಿ ಬರೋದು ಆರ್‌ಸಿಗೆ ಜೋಡಿಸಿದ ನಂಬರ್‌ಗೆ. ಹಳೇ ನಂಬರ್ ಇದ್ದರೆ ಬದಲಾಯಿಸಿ.

• ಎಚ್‌ಎಸ್‌ಆರ್‌ಪಿ: 2019ರ ಏಪ್ರಿಲ್ 1ಕ್ಕಿಂತ ಮುಂಚಿನ ಗಾಡಿಗಳಿಗೂ ಈ ಪ್ಲೇಟ್ ಕಡ್ಡಾಯ. ಇಲ್ಲದಿದ್ದರೆ ಹೆಸರು ಬದಲಾವಣೆಗೆ ಅಡ್ಡಿ ಆಗುತ್ತೆ.

• ಟ್ರಾಫಿಕ್ ದಂಡ: ಬೆಂಗಳೂರು ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್ ಅಥವಾ ಬೆಂಗಳೂರು ಒನ್ ಕೇಂದ್ರದಲ್ಲಿ ಬಾಕಿ ನೋಡಿ ಕಟ್ಟಿಬಿಡಿ. 2023ರ ಫೆಬ್ರವರಿಯಲ್ಲಿ ಕೊಟ್ಟಂತೆ ಶೇ 50 ರಿಯಾಯಿತಿ ಯಾವಾಗಲಾದರೂ ಮತ್ತೆ ಬರುತ್ತೆ ಅಂತ ಕಾದು ಗಿರಾಕಿ ಕಳ್ಕೋಬೇಡಿ.

• ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್: ಎರಡೂ ಚಾಲ್ತಿಯಲ್ಲಿರಲಿ.

ಕೀ ಕೊಡೋ ದಿನ

ಕೊಳ್ಳುವವರ ಆಧಾರ್, ವಿಳಾಸ ಪುರಾವೆ, ಫೋಟೋ ತಗೊಂಡು ಫಾರ್ಮ್ 29 ಮತ್ತು ಫಾರ್ಮ್ 30ರಲ್ಲಿ ಅವರ ಹೆಸರು, ವಿಳಾಸ, ದಿನಾಂಕ ಪೂರ್ತಿ ತುಂಬಿದ ಮೇಲೇ ಸಹಿ ಹಾಕಿ. ಖಾಲಿ ಫಾರ್ಮ್‌ಗೆ ಸಹಿ ಹಾಕೋದು ಖಾಲಿ ಚೆಕ್‌ಗೆ ಸಹಿ ಹಾಕಿದ ಹಾಗೇ. ಎಲ್ಲದರ ಫೋಟೋ ಫೋನ್‌ನಲ್ಲಿರಲಿ.

ಒಂದು ಡೆಲಿವರಿ ನೋಟ್ ಬರೆದು ಇಬ್ಬರೂ ಸಹಿ ಮಾಡಿ. ಅದರಲ್ಲಿ ಗಾಡಿ ನಂಬರ್, ಎಂಜಿನ್ ಮತ್ತು ಚಾಸಿಸ್ ನಂಬರ್, ಮೀಟರ್ ಓದು, ಬೆಲೆ, ದಿನಾಂಕ ಇರಬೇಕು, ಎಷ್ಟು ಗಂಟೆಗೆ ಕೊಟ್ಟಿದ್ದು ಅನ್ನೋದೂ ಇರಬೇಕು. ಸಾಯಂಕಾಲ ಐದಕ್ಕೆ ಕೊಟ್ಟ ಕಾರು ರಾತ್ರಿ ಎಂಟಕ್ಕೆ ಗುದ್ದಿದರೆ ಆ ಗಂಟೆಯೇ ನಿಮ್ಮ ಸಾಕ್ಷಿ. ಇದು ಆರ್‌ಟಿಒ ದಾಖಲೆಗೆ ಬದಲಿ ಅಲ್ಲ, ಆದರೆ ಪೊಲೀಸರ ಮುಂದೆ ತೋರಿಸೋಕೆ ಬೇಕು.

ಹಣ ಬ್ಯಾಂಕ್ ಮೂಲಕವೇ ಬರಲಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋದಕ್ಕೆ ಆದಾಯ ತೆರಿಗೆ ಕಾನೂನಲ್ಲಿ ಅವಕಾಶ ಇಲ್ಲ, ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಸ್ಕ್ರೀನ್‌ಶಾಟ್ ನಂಬಬೇಡಿ, ಖಾತೆಗೆ ಬಂದಿದೆಯಾ ಅಂತ ನೋಡಿ ಆಮೇಲೆ ಕೀ ಕೊಡಿ.

ಗಾಜಿನ ಮೇಲಿನ ಫಾಸ್ಟ್ಯಾಗ್ ಕಿತ್ತರೆ ಸಾಲದು, ಕೊಟ್ಟ ಬ್ಯಾಂಕಿನಲ್ಲಿ ಮುಚ್ಚಿಸಿ. ಇಲ್ಲದಿದ್ದರೆ ಅವರು ಮೈಸೂರಿಗೆ ಹೊರಟಾಗ ಕಣಿಮಿಣಿಕೆ ಟೋಲ್‌ನಲ್ಲಿ ಕಟ್ ಆಗೋದು ನಿಮ್ಮ ದುಡ್ಡು.

ಆಮೇಲಿನ 14 ದಿನ

ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಕೊಂಡವರು ರಾಜ್ಯದ ಒಳಗಿನವರಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನ ಸಮಯ. ಅಂದರೆ ತಿಳಿಸೋ ಜವಾಬ್ದಾರಿ ಮೊದಲು ನಿಮ್ಮದೇ. ‘ಅವರು ಮಾಡ್ಕೋತಾರೆ’ ಅಂತ ಕಾಯೋ ಹಾಗಿಲ್ಲ. ಪರಿವಾಹನ್ ವೆಬ್‌ಸೈಟ್‌ನ ವಾಹನ್ ಸೇವೆಯಲ್ಲಿ ಅರ್ಜಿ ಹಾಕಬಹುದು. ರಾಜಾಜಿನಗರ ಆರ್‌ಟಿಒ ಗಾಡಿಗಳಿಗೆ ಕೆಎ-02, ಜ್ಞಾನಭಾರತಿ ಆರ್‌ಟಿಒ ಗಾಡಿಗಳಿಗೆ ಕೆಎ-41 ನಂಬರ್ ಇರುತ್ತೆ. ಅರ್ಜಿಯ ಸ್ವೀಕೃತಿ ತಪ್ಪದೆ ತಗೊಳ್ಳಿ. ಏಜೆಂಟ್ ಮೂಲಕ ಮಾಡಿಸಿದರೂ ಸ್ವೀಕೃತಿ ನಿಮ್ಮ ಕೈಗೆ ಬರಬೇಕು.

ತಮಿಳುನಾಡು, ಕೇರಳ, ಆಂಧ್ರದವರು ತಗೊಂಡರೆ ಫಾರ್ಮ್ 28ರಲ್ಲಿ ಎನ್‌ಒಸಿ ಬೇಕು, ತಿಳಿಸೋಕೆ 45 ದಿನ. ಅಲ್ಲಿ ಅವರು ಮತ್ತೆ ತೆರಿಗೆ ಕಟ್ಟಬೇಕಾಗುತ್ತೆ, ಹಾಗಾಗಿ ಬೆಲೆ ಕಡಿಮೆ ಕೇಳ್ತಾರೆ. ಇಲ್ಲಿ ಕಟ್ಟಿರೋ ಲೈಫ್ ಟ್ಯಾಕ್ಸ್‌ನ ಬೆಲೆ ಪೂರ್ತಿ ಸಿಗೋದು ಕರ್ನಾಟಕದ ಗಿರಾಕಿಯಿಂದಲೇ.

ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಪಾಲಿಸಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳೋಕೆ ಕೊಂಡವರಿಗೆ 14 ದಿನ ಇದೆ. ನಿಮ್ಮ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಹೋಗಲ್ಲ, ಅದು ನಿಮ್ಮದು. ಕಂಪನಿಯಿಂದ ಅದಕ್ಕೆ ಪತ್ರ ತಗೊಂಡರೆ 3 ವರ್ಷದೊಳಗೆ ಹೊಸ ಕಾರಿನ ಪಾಲಿಸಿಗೆ ಬಳಸಬಹುದು. ಗರಿಷ್ಠ ಶೇ 50ರವರೆಗೂ ಇರೋದರಿಂದ ಬಿಟ್ಟುಕೊಡಬೇಡಿ.

ಅಂಗಡಿಯವರಿಗೆ ಒಂದು ಮಾತು

ಮನೆ ಬಳಕೆಯ ಕಾರನ್ನ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಮಾರಿದರೆ ಜಿಎಸ್‌ಟಿ ಇಲ್ಲ. ಆದರೆ ಕಾರು ಅಂಗಡಿ ಅಥವಾ ಫರ್ಮ್ ಲೆಕ್ಕದಲ್ಲಿದ್ದು, ನಿಮಗೆ ಜಿಎಸ್‌ಟಿ ನೋಂದಣಿ ಇದ್ದು, ಕಾರಿನ ಮೇಲೆ ಸವಕಳಿ ತೋರಿಸಿದ್ದರೆ ಲೆಕ್ಕ ಬೇರೆ. 2025ರ ಜನವರಿಯಿಂದ ಎಲ್ಲ ಹಳೇ ಕಾರುಗಳಿಗೂ ದರ ಶೇ 18. ಇದು ಪೂರ್ತಿ ಬೆಲೆ ಮೇಲಲ್ಲ, ಪುಸ್ತಕದಲ್ಲಿ ಉಳಿದಿರೋ ಬೆಲೆಗಿಂತ ಎಷ್ಟು ಹೆಚ್ಚಿಗೆ ಮಾರಿದಿರೋ ಆ ವ್ಯತ್ಯಾಸದ ಮೇಲೆ ಮಾತ್ರ. ಪುಸ್ತಕದಲ್ಲಿ 1,00,000 ಉಳಿದಿದ್ದು 1,50,000ಕ್ಕೆ ಮಾರಿದರೆ 50,000ಕ್ಕೆ ಶೇ 18, ಅಂದರೆ 9,000. ಕಡಿಮೆಗೆ ಮಾರಿದರೆ ತೆರಿಗೆ ಇಲ್ಲ. ಬೆಲೆ ಒಪ್ಪೋಕೆ ಮುಂಚೆ ನಿಮ್ಮ ಆಡಿಟರ್‌ಗೆ ಒಂದು ಫೋನ್ ಮಾಡಿ.

ಒಂದು ತಿಂಗಳ ನಂತರ

ಮಾರಿ 30 ದಿನ ಆದ ಮೇಲೆ ಎಂಪರಿವಾಹನ್‌ನಲ್ಲಿ ಆ ಗಾಡಿ ನಂಬರ್ ಮತ್ತೆ ಹಾಕಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರ ಮಾತ್ರ ಕಾಣುತ್ತೆ, ಆದರೆ ನಿಮ್ಮದು ಹೌದೋ ಅಲ್ಲವೋ ಗೊತ್ತಾಗುತ್ತೆ. ಇನ್ನೂ ನಿಮ್ಮ ಹೆಸರೇ ಇದ್ದರೆ ಕೊಂಡವರಿಗೆ ಬರಹದಲ್ಲಿ ತಿಳಿಸಿ, ವಾಟ್ಸಾಪ್ ಮೆಸೇಜ್ ಜೊತೆ ಒಂದು ರಿಜಿಸ್ಟರ್ಡ್ ಪೋಸ್ಟ್ ಕೂಡ ಹಾಕಿ. ಡೆಲಿವರಿ ನೋಟ್, ಫಾರ್ಮ್ 29ರ ಪ್ರತಿ, ಸ್ವೀಕೃತಿ ತಗೊಂಡು ಆರ್‌ಟಿಒಗೆ ಹೋಗಿ ಲಿಖಿತ ಅರ್ಜಿ ಕೊಡಿ. ಈ ಕಾಗದಗಳಿದ್ದರೆ ಆ ಕೌಂಟರ್ ಮುಂದೆ ನಿಂತು ಮಾತಾಡಬಹುದು, ಇಲ್ಲದಿದ್ದರೆ ‘ಯಾರಿಗೆ ಮಾರಿದ್ರಿ’ ಅನ್ನೋ ಮೊದಲ ಪ್ರಶ್ನೆಗೇ ಉತ್ತರ ಇರಲ್ಲ.

ಸೈಬರ್ ಮೋಸಕ್ಕೆ 1930, ಫಾಸ್ಟ್ಯಾಗ್ ತೊಂದರೆಗೆ 1033. ಎರಡೂ ನಂಬರ್ ಫೋನ್‌ನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.